ಹಬ್ಬದ ಫೋಟೊ ಸಾಕು, ಬೆಟ್ಟದ ಜನರ ಮಾಮೂಲಿ ದಿನ ಹೇಗಿರುತ್ತೆ ಹೇಳಿ

ಕಿಟಕಿಸೀಟು

ಬೆಟ್ಟದ ಜನರ ಬಗ್ಗೆ ಎಲ್ಲಿ ಓದಿದರೂ ಮುಖವಾಡ, ಕುಣಿತ, ಬಣ್ಣಬಣ್ಣದ ಬಟ್ಟೆ, ಬೊಚ್ಚುಬಾಯಿ ಅಜ್ಜಿಯ ನಗು. ಅಷ್ಟೇ. ವರ್ಷಕ್ಕೊಂದು ಹಬ್ಬ ಸರಿ, ಉಳಿದ 364 ದಿನ? ಹಿಮ ಬಿದ್ದು ದಾರಿ ಮುಚ್ಚಿದಾಗ ಏನು ತಿನ್ನುತ್ತಾರೆ? ನೀರು ಯಾರು ಹಂಚುತ್ತಾರೆ? ಎದುರು ಗುಡ್ಡದಲ್ಲಿರುವ ಗೆಳೆಯನನ್ನು ಹೇಗೆ ಕರೆಯುತ್ತಾರೆ? ಜಗಳ ಆದರೆ ಬಿಡಿಸುವವರು ಯಾರು?

ಹಿಮಾಲಯವೇ ಆಗಬೇಕು ಅಂತಿಲ್ಲ. ಆಂಡಿಸ್, ಆಲ್ಪ್ಸ್, ಕಾಕಸಸ್, ಯಾವ ಬೆಟ್ಟವಾದರೂ ಸರಿ. ಓದಿದವರು, ಹೋಗಿ ಬಂದವರು, ಅಲ್ಲಿ ಕೆಲಸ ಮಾಡಿದವರು ಹೇಳಿ. ಒಂದೇ ಕೋರಿಕೆ: "ಮುಗ್ಧ ಜನ" ಅಂತ ಮಾತ್ರ ಬರೆಯಬೇಡಿ.

ಚಾರಣದಕಾಲು

ಲಡಾಖಿನ ಒಂದು ಹಳ್ಳಿಮನೆಯಲ್ಲಿ ಹನ್ನೊಂದು ದಿನ ಇದ್ದೆ. ಮಾರ್ಚ್ ತಿಂಗಳ ಶುರು, ಹೊಲದ ಮೇಲೆ ಇನ್ನೂ ಹಿಮ.

ಮೊದಲ ಪಾಠ ಚಹಾದ್ದು. ಬೆಣ್ಣೆ, ಉಪ್ಪು ಹಾಕಿ ಉದ್ದನೆಯ ಮರದ ಕೊಳವೆಯಲ್ಲಿ ಕಡೆದ ಚಹಾ. ಕಡೆಯುವಾಗ ಗುರ್ ಗುರ್ ಅನ್ನುತ್ತೆ, ಅದಕ್ಕೇ ಹೆಸರು ಗುರ್‌ಗುರ್ ಚಾ. ನಾನು ಮರ್ಯಾದೆಗೆ ಬಟ್ಟಲು ಖಾಲಿ ಮಾಡಿದೆ. ಮನೆಯ ಅಮ್ಮ ತುಂಬಿಸಿದರು. ಮತ್ತೆ ಖಾಲಿ ಮಾಡಿದೆ, ಮತ್ತೆ ತುಂಬಿಸಿದರು. ಐದನೇ ಬಟ್ಟಲಿಗೆ ಮಗಳು ನಗು ತಡೆಯಲಾರದೆ ಹೇಳಿದಳು: ಸಾಕಾದರೆ ತುಂಬಿದ ಬಟ್ಟಲನ್ನು ಹಾಗೇ ಬಿಡಿ, ಏಳುವ ಹೊತ್ತಿಗೆ ಕುಡಿದು ಮುಗಿಸಿ. ಆ ರಾತ್ರಿ ನನ್ನ ಹೊಟ್ಟೆಯೂ ಗುರ್ ಗುರ್ ಅಂದಿತು.

ಚಳಿಗಾಲದಲ್ಲಿ ಇಡೀ ಮನೆ ಅಡುಗೆಮನೆಯಲ್ಲೇ ಬದುಕುತ್ತೆ. ನಡುವೆ ಒಲೆ, ಗೋಡೆಯ ಹಲಗೆಗಳ ಮೇಲೆ ಸಾಲಾಗಿ ಜೋಡಿಸಿದ ತಾಮ್ರ, ಹಿತ್ತಾಳೆ ಪಾತ್ರೆ. ಕೂರುವುದಕ್ಕೂ ಒಂದು ಸಾಲು ಇದೆ. ಹಿರಿಯರು ಮೇಲಿನ ಕಡೆ, ಚಿಕ್ಕವರು ಬಾಗಿಲ ಕಡೆ. ಹೊಸಬರು ಬಂದರೆ ಎಲ್ಲರೂ ಎದ್ದು ಜರುಗುತ್ತಾರೆ. ನೀವು ಇಲ್ಲಿ ಕೂತ್ಕೊಳ್ಳಿ, ಇಲ್ಲ ನೀವೇ ಕೂತ್ಕೊಳ್ಳಿ ಅಂತ ಐದು ನಿಮಿಷ ಎಳೆದಾಟ.

ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತೆ. ಕುಕ್ಕರ್ ಇಲ್ಲದಿದ್ದರೆ ಬೇಳೆ ಎಷ್ಟು ಹೊತ್ತು ಕುದ್ದರೂ ಬೇಯುವ ಲಕ್ಷಣ ಕಾಣುವುದಿಲ್ಲ. ಹುರಿದ ಬಾರ್ಲಿ ಹಿಟ್ಟು ಅಲ್ಲಿ ಯಾಕೆ ಮುಖ್ಯ ಅಂತ ಆಗ ಅರ್ಥವಾಯಿತು. ಹುರಿದಾಗಲೇ ಅರ್ಧ ಅಡುಗೆ ಮುಗಿಯಿತು. ಬಟ್ಟಲಿನ ತಳದಲ್ಲಿ ಉಳಿದ ಚಹಾಕ್ಕೆ ಹಿಟ್ಟು ಹಾಕಿ, ಬೆರಳಲ್ಲೇ ನಾದಿ, ಉಂಡೆ ಮಾಡಿ ಬಾಯಿಗೆ ಹಾಕಿಕೊಂಡರೆ ಊಟ.

ಇನ್ನೊಂದು, ಹೇಳಲು ಸಂಕೋಚ ಇಲ್ಲ: ಕಕ್ಕಸು. ಎರಡು ಅಂತಸ್ತು. ಮೇಲಿನ ಕೋಣೆಯ ನೆಲದಲ್ಲಿ ಒಂದು ಕಿಂಡಿ, ಮೂಲೆಯಲ್ಲಿ ಮಣ್ಣಿನ ರಾಶಿ, ಒಂದು ಸಲಿಕೆ. ಕೆಲಸ ಮುಗಿದ ಮೇಲೆ ಮಣ್ಣು ತಳ್ಳಬೇಕು. ನೀರೇ ಬೇಡ, ವಾಸನೆಯೂ ಇಲ್ಲ. ವಸಂತದಲ್ಲಿ ಕೆಳಗಿನ ಕೋಣೆ ತೆರೆದು ಗೊಬ್ಬರ ಹೊಲಕ್ಕೆ. ನಾನಿದ್ದಾಗ ಆ ಕೆಲಸ ಶುರುವಾಗಿತ್ತು, ನಾನೂ ನಾಲ್ಕು ಬುಟ್ಟಿ ಹೊತ್ತೆ.

ನೀರಿನ ಪ್ರಶ್ನೆಗೆ: ಹಿಮ ಕರಗಿದ ನೀರು ಕಾಲುವೆಯಲ್ಲಿ ಬರುತ್ತೆ. ಯಾರ ಹೊಲಕ್ಕೆ ಯಾವಾಗ ಅಂತ ನೋಡಿಕೊಳ್ಳಲು ಹಳ್ಳಿಯವರೇ ಒಬ್ಬರನ್ನು ನೇಮಿಸುತ್ತಾರೆ. ಚುರ್ಪೋನ್ ಅನ್ನುತ್ತಾರೆ, ನೀರಿನ ಯಜಮಾನ ಅಂತ. ಆಡು ಕುರಿ ಮೇಯಿಸುವುದಕ್ಕೂ ಮನೆ ಮನೆಗೆ ಸರದಿ. ಇವತ್ತು ನಿಮ್ಮ ಮನೆಯವರು ಎಲ್ಲರ ಆಡನ್ನೂ ಹೊಡೆದುಕೊಂಡು ಹೋದರೆ, ನಾಳೆ ನಮ್ಮ ಮನೆಯವರು.

ಪ್ರಶ್ನಾರ್ಥಕ

ಚೆನ್ನಾಗಿದೆ, ಆದರೆ ಇದಕ್ಕೆಲ್ಲ ಸಂಸ್ಕೃತಿ ಅಂತ ದೊಡ್ಡ ಹೆಸರು ಯಾಕೆ? ಎಲ್ಲಾ ಎತ್ತರದ ಲೆಕ್ಕ. ನೀರು ಬೇಗ ಕುದಿಯುತ್ತೆ, ಅದಕ್ಕೆ ಹುರಿದ ಹಿಟ್ಟು. ನೀರು ಕಮ್ಮಿ, ಅದಕ್ಕೆ ಒಣ ಕಕ್ಕಸು. ಮಣ್ಣು ಕಮ್ಮಿ, ಅದಕ್ಕೆ ಅಣ್ಣತಮ್ಮಂದಿರೆಲ್ಲ ಸೇರಿ ಒಬ್ಬಳನ್ನೇ ಮದುವೆಯಾಗುವ ಪದ್ಧತಿ. ಹೊಲ ಒಡೆಯಬಾರದು ಅಷ್ಟೇ. 1941ರಲ್ಲಿ ಕಾನೂನು ತಂದು ಅದನ್ನು ನಿಷೇಧಿಸಿದರು, ಆಮೇಲೆ ಮೆಲ್ಲಗೆ ಕಮ್ಮಿಯಾಯಿತು. ಯಾರನ್ನಾದರೂ ಅಷ್ಟು ಎತ್ತರದಲ್ಲಿ ಸಾವಿರ ವರ್ಷ ಇಡಿ, ಅವರೂ ಹೀಗೇ ಬದುಕುತ್ತಾರೆ.

ಸುಕ್ಕುಗಡ್ಡೆ

ಪ್ರಶ್ನಾರ್ಥಕ ಅವರೇ, ನಿಮ್ಮ ವಾದಕ್ಕೆ ಒಂದು ಸಾಕ್ಷಿ ನಾನೇ ಕೊಡುತ್ತೇನೆ, ಆಮೇಲೆ ಅದೇ ಸಾಕ್ಷಿ ನಿಮಗೆ ತಿರುಗಿಬೀಳುತ್ತೆ ನೋಡಿ.

ಪೆರು, ಬೊಲಿವಿಯಾದ ಎತ್ತರದಲ್ಲಿ ಕೆಚುವಾ, ಐಮಾರಾ ಜನ ಚುನ್ಯೊ ಮಾಡುತ್ತಾರೆ. ಆಲೂಗಡ್ಡೆಯನ್ನು ವರ್ಷಗಟ್ಟಲೆ ಇಡುವ ಉಪಾಯ. ಅಲ್ಲಿ ಜೂನ್, ಜುಲೈ ಅಂದರೆ ಕಡು ಚಳಿ. ಹಗಲು ಸುಡುಬಿಸಿಲು, ರಾತ್ರಿ ನೀರು ಗಟ್ಟಿಯಾಗುವ ಚಳಿ. ಸಮತಟ್ಟಾದ ಹುಲ್ಲಿನ ಮೇಲೆ ಗಡ್ಡೆಗಳನ್ನು ಒಂದರ ಮೇಲೊಂದು ಬೀಳದಂತೆ ಹರಡುತ್ತಾರೆ. ರಾತ್ರಿ ಹೆಪ್ಪುಗಟ್ಟುತ್ತೆ, ಹಗಲು ಕರಗಿ ಮೆತ್ತಗಾಗುತ್ತೆ. ಎರಡು ಮೂರು ರಾತ್ರಿ ಕಳೆದ ಮೇಲೆ ಮನೆಯವರೆಲ್ಲ ಬರಿಗಾಲಲ್ಲಿ ಅದರ ಮೇಲೆ ಹತ್ತಿ ತುಳಿಯುತ್ತಾರೆ. ಪಾದದ ಅಡಿ ಪಿಚಕ್ ಅಂತ ನೀರು ಹೊರಬರುತ್ತೆ, ಸಿಪ್ಪೆ ತಾನಾಗಿ ಜಾರುತ್ತೆ. ಆಮೇಲೆ ಬಿಸಿಲಲ್ಲಿ ಒಣಗಿಸಿದರೆ ಕಪ್ಪಗೆ, ಸುಕ್ಕಾಗಿ, ಬೆಣಚುಕಲ್ಲಿನ ಹಾಗೆ ಹಗುರವಾದ ಗಡ್ಡೆ. ಬಿಳಿ ಚುನ್ಯೊ ಬೇಕಾದರೆ ಹರಿಯುವ ನೀರಲ್ಲಿ ವಾರಗಟ್ಟಲೆ ನೆನೆಸಿ ಒಣಗಿಸಬೇಕು.

(ಮೇಲೆ "ಬೆಣಚುಕಲ್ಲಿನ ಹಾಗೆ ಹಗುರ" ಅಂದೆ. ತಪ್ಪು. ನೋಡಲು ಕಲ್ಲು, ಕೈಗೆ ಬೆಂಡು.)

ಇದು ಎತ್ತರದ ಲೆಕ್ಕ, ಒಪ್ಪಿದೆ. ಅಷ್ಟು ಚಳಿ, ಅಷ್ಟು ಬಿಸಿಲು ಒಟ್ಟಿಗೆ ಇರದ ಕಡೆ ಇದು ಆಗುವುದೇ ಇಲ್ಲ. ಆದರೆ ಅದೇ ಜನ ಸಾವಿರಾರು ತಳಿಯ ಆಲೂಗಡ್ಡೆ ಬೆಳೆಸಿ, ಒಂದೊಂದಕ್ಕೂ ಹೆಸರಿಟ್ಟಿದ್ದಾರೆ. ಒಂದು ತಳಿಯ ಮೈತುಂಬ ಗಂಟು, ಗುಳಿ. ಅದರ ಹೆಸರಿನ ಅರ್ಥ "ಸೊಸೆಯನ್ನು ಅಳಿಸುವ ಗಡ್ಡೆ". ಮದುವೆಗೆ ಮುಂಚೆ ಹುಡುಗಿಯ ಕೈಗೆ ಇದನ್ನು ಕೊಟ್ಟು ಸಿಪ್ಪೆ ತೆಗೆಯಲು ಹೇಳುತ್ತಿದ್ದರಂತೆ. ತಿರುಳು ಪೋಲಾಗದಂತೆ ತೆಗೆದರೆ ಪಾಸ್. ಈಗ ಹೇಳಿ, ಎತ್ತರ ಎಷ್ಟಾದರೆ ಅತ್ತೆ ಹುಟ್ಟುತ್ತಾಳೆ?

ಕಿಟಕಿಸೀಟು

ಅತ್ತೆ ಸಮುದ್ರಮಟ್ಟದಲ್ಲೂ ಹುಟ್ಟುತ್ತಾಳೆ 😄 ಮುಂದುವರಿಸಿ.

ಹಳೇಪುಟ

ಜಗಳದ ಪ್ರಶ್ನೆ ಇತ್ತಲ್ಲ. ಬೆಟ್ಟದಲ್ಲಿ ಜಗಳ ಬರುವುದು ಜಾಸ್ತಿ ಹುಲ್ಲಿಗೆ. ಬೇಸಿಗೆಯಲ್ಲಿ ಮೇಲಿನ ಹುಲ್ಲುಗಾವಲು ಎಲ್ಲರದ್ದು. ಎಲ್ಲರದ್ದು ಅಂದರೆ ಯಾರದ್ದೂ ಅಲ್ಲ ಅಂತ ದನ ನುಗ್ಗಿಸಿದರೆ ಎರಡು ವರ್ಷಕ್ಕೆ ಬರೀ ಮಣ್ಣು.

ಸ್ವಿಟ್ಜರ್‌ಲ್ಯಾಂಡಿನ ವಾಲೈ ಪ್ರಾಂತ್ಯದಲ್ಲಿ ಟೋರ್ಬೆಲ್ ಅಂತ ಒಂದು ಹಳ್ಳಿ. 1517ರಲ್ಲಿ ಅವರು ಬರೆದಿಟ್ಟುಕೊಂಡ ಒಂದು ನಿಯಮ: ಚಳಿಗಾಲದಲ್ಲಿ ನಿನ್ನ ಕೊಟ್ಟಿಗೆಯಲ್ಲಿ ಎಷ್ಟು ಹಸು ಸಾಕಬಲ್ಲೆಯೋ ಅಷ್ಟನ್ನೇ ಬೇಸಿಗೆಯಲ್ಲಿ ಮೇಲೆ ಕಳಿಸಬೇಕು. ಎಷ್ಟು ಸರಳ ನೋಡಿ. ಯಾರೂ ಬೆಟ್ಟ ಅಳೆಯಬೇಕಿಲ್ಲ, ಹುಲ್ಲು ತೂಗಬೇಕಿಲ್ಲ. ನಿನ್ನ ಅಟ್ಟದ ಮೇಲಿನ ಒಣಹುಲ್ಲೇ ನಿನ್ನ ಲೆಕ್ಕ. ಬೇಸಿಗೆಗೆ ಅಂತ ಹೊರಗಿನಿಂದ ದನ ಕೊಂಡು ತಂದು ಮೇಯಿಸಿ ಮಾರುವ ಜಾಣತನಕ್ಕೆ ಇಲ್ಲಿ ಜಾಗವಿಲ್ಲ. ಅರ್ಥಶಾಸ್ತ್ರದಲ್ಲಿ 2009ರ ನೊಬೆಲ್ ಪಡೆದ ಎಲಿನರ್ ಆಸ್ಟ್ರಮ್ ಅವರು, ಜನ ತಾವೇ ಸೇರಿ ಸೊತ್ತು ಕಾಯಬಲ್ಲರು ಅನ್ನಲು ಕೊಟ್ಟ ಉದಾಹರಣೆಗಳಲ್ಲಿ ಈ ಹಳ್ಳಿಯೂ ಒಂದು.

ಎವರೆಸ್ಟ್ ಬುಡದ ಖುಂಬುವಿನಲ್ಲಿ ಶೆರ್ಪಾ ಜನ ನಾವಾ ಅಂತ ಕಾವಲುಗಾರರನ್ನು ಆರಿಸುತ್ತಾರೆ. ಬೆಳೆ ಎದ್ದಾಗ ಯಾಕ್‌ಗಳು ಊರು ಬಿಟ್ಟು ಮೇಲೆ ಹೋಗಲೇಬೇಕು, ಎಂದಿನಿಂದ ಎಂದಿನವರೆಗೆ ಅಂತ ನಾವಾ ಹೇಳುತ್ತಾರೆ. ಹುಲ್ಲು ಕೊಯ್ಯಲು ಯಾವತ್ತು ಶುರು ಮಾಡಬಹುದು ಅನ್ನುವುದೂ ಅವರ ಮಾತೇ. ಮೀರಿದರೆ ದಂಡ.

ಪ್ರಶ್ನಾರ್ಥಕ ಅವರಿಗೆ ಇದರಲ್ಲಿ ಅರ್ಧ ಗೆಲುವು ಸಿಗುತ್ತೆ. ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಎರಡು ಜನ ಹೆಚ್ಚುಕಡಿಮೆ ಒಂದೇ ಉತ್ತರಕ್ಕೆ ಬಂದಿದ್ದಾರೆ.

ಪ್ರಶ್ನಾರ್ಥಕ

ಅರ್ಧ ಯಾಕೆ ಸ್ವಾಮಿ, ಪೂರ್ತಿ ಕೊಡಿ.

ಎಮ್ಮೆಗಂಟೆ

ಪೂರ್ತಿ ಕೊಡಲು ಆಗುವುದಿಲ್ಲ. ನೀಲಗಿರಿ ನೋಡಿ. ಒಂದೇ ಬೆಟ್ಟ, ಒಂದೇ ಮಳೆ, ಒಂದೇ ಚಳಿ. ಆದರೆ ತೋಡರು ಎಮ್ಮೆ ಸಾಕಿಕೊಂಡು ಬದುಕಿದವರು. ಬೇಸಾಯವಿಲ್ಲ, ಬೇಟೆಯಿಲ್ಲ, ಮಾಂಸವಿಲ್ಲ. ಹಾಲು ಕಡೆಯುವುದೇ ಅವರಿಗೆ ಪೂಜೆ. ಹಾಲಿನ ಮನೆಯೇ ಗುಡಿ, ಅಲ್ಲಿ ಕಡೆಯುವವನೇ ಪೂಜಾರಿ. ಪಕ್ಕದಲ್ಲೇ ಕೋಟರು ಕಮ್ಮಾರಿಕೆ, ಕುಂಬಾರಿಕೆ, ವಾದ್ಯ ಮೂರನ್ನೂ ಹಿಡಿದವರು. ಮಾಂಸ ತಿನ್ನುತ್ತಾರೆ. ಕಾಡಂಚಿನ ಕುರುಂಬರು ಜೇನು ಇಳಿಸುವವರು, ಮಾಟಮಂತ್ರಕ್ಕೆ ಬೇರೆಯವರೆಲ್ಲ ಹೆದರುತ್ತಿದ್ದದ್ದು ಅವರಿಗೇ. ಬಡಗರು ಉಳುವವರು.

ಬಡಗ ಅನ್ನುವ ಹೆಸರು ನಮಗೆ ಹೊಸದಲ್ಲ ಅಲ್ವಾ? ಬಡಗು ಅಂದರೆ ಉತ್ತರ. ಉತ್ತರದಿಂದ, ಮೈಸೂರು ಕಡೆಯ ಬಯಲಿನಿಂದ ಹತ್ತಿ ಬಂದವರು. ಅವರ ಮಾತು ಕೇಳಿದರೆ ಕನ್ನಡದ ಕಿವಿಗೆ ಅರ್ಧ ತಿಳಿದ ಹಾಗೆ, ಅರ್ಧ ಜಾರಿದ ಹಾಗೆ.

ಈ ನಾಲ್ವರ ನಡುವೆ ಕಾಸಿಲ್ಲದ ಕೊಡುಕೊಳ್ಳುವಿಕೆ ಇತ್ತು. ಬಡಗರಿಂದ ಧಾನ್ಯ, ತೋಡರಿಂದ ತುಪ್ಪ, ಕೋಟರಿಂದ ಕುಡುಗೋಲು ಮತ್ತು ಮಡಕೆ, ಕುರುಂಬರಿಂದ ಜೇನು. ತೋಡರ ಮನೆಯಲ್ಲಿ ಸಾವಾದರೆ ವಾದ್ಯ ನುಡಿಸಲು ಕೋಟರು ಬರಬೇಕು. ಯಾವ ಮನೆಗೆ ಯಾವ ಮನೆ ಅನ್ನುವುದು ತಲೆಮಾರಿನಿಂದ ಗೊತ್ತಾದದ್ದು. 20ನೇ ಶತಮಾನದಲ್ಲಿ ಸಂತೆ, ಕಾಸು, ಚಹಾ ತೋಟ ಎಲ್ಲ ಬಂದು ಅದು ಮುರಿಯಿತು.

ತೋಡರ ಹಳೇ ಮನೆ ನೋಡಿದ್ದೀರಾ? ಅರ್ಧ ಪೀಪಾಯಿ ಮಗುಚಿ ಇಟ್ಟ ಹಾಗೆ. ಬಾಗಿಲು ಎಷ್ಟು ಚಿಕ್ಕದು ಅಂದರೆ ತೆವಳಿಕೊಂಡೇ ಒಳಗೆ ಹೋಗಬೇಕು. ಅದು ಚಳಿಗೆ, ಒಪ್ಪೋಣ. ಆದರೆ ಒಂದೊಂದು ಊರಿಗೂ ವಾರದಲ್ಲಿ ಕೆಲವು ದಿನ ಏನನ್ನೂ ಊರಾಚೆ ಕೊಡಬಾರದು ಅಂತ ಕಟ್ಟಳೆ ಇತ್ತು. ಕಿರಿಯಳು ಮಂಡಿಯೂರಿ ಬಾಗಿದಾಗ ಹಿರಿಯರು ಪಾದ ಎತ್ತಿ ಅವಳ ಹಣೆಗೆ ತಾಗಿಸುವುದು ಅವರ ನಮಸ್ಕಾರ. ರಿವರ್ಸ್ ಎಂಬ ಇಂಗ್ಲಿಷ್ ವಿದ್ವಾಂಸರು 1906ರ ತಮ್ಮ ಪುಸ್ತಕದಲ್ಲಿ ಇದನ್ನೆಲ್ಲ ಬರೆದಿದ್ದಾರೆ. ಇದು ಯಾವ ಚಳಿಗೆ?

ಕಿವಿಗೊಟ್ಟವಳು

ಎದುರು ಗುಡ್ಡದ ಗೆಳೆಯನನ್ನು ಕರೆಯುವ ವಿಷಯಕ್ಕೆ ಬರ್ತೀನಿ. ಯಾಕಂದ್ರೆ ನಾನು ಈ ಚರ್ಚೆಗೆ ಬಂದಿದ್ದೇ ಅದಕ್ಕೆ.

ಕಣಿವೆಯ ಆಚೆ ಈಚೆ ಕಣ್ಣಿಗೆ ಕಾಣುತ್ತೆ, ನಡೆದು ಹೋಗಲು ಅರ್ಧ ದಿನ. ಕೂಗಿದರೆ ಗಂಟಲು ಹರಿಯುತ್ತೆ, ಮಾತು ಒಡೆದು ಹೋಗುತ್ತೆ. ಸಿಳ್ಳೆ ಮಾತ್ರ ಬಹಳ ದೂರ ಹೋಗುತ್ತೆ. ಟರ್ಕಿಯ ಕಪ್ಪು ಸಮುದ್ರದ ಕಡೆ ಕುಶ್‌ಕೊಯ್ ಅಂತ ಊರಿದೆ. ಹೆಸರಿನ ಅರ್ಥವೇ ಹಕ್ಕಿಯೂರು. ಅಲ್ಲಿ ಟರ್ಕಿ ಭಾಷೆಯ ಮಾತನ್ನೇ ಸಿಳ್ಳೆಯಲ್ಲಿ ಹೇಳುತ್ತಾರೆ. ಸಂಕೇತ ಅಲ್ಲ, ಪೂರ್ತಿ ವಾಕ್ಯ. 2017ರಲ್ಲಿ ಯುನೆಸ್ಕೊ ಅದನ್ನು ತುರ್ತಾಗಿ ಉಳಿಸಬೇಕಾದ ಪಟ್ಟಿಗೆ ಸೇರಿಸಿತು. ಮೊಬೈಲ್ ಬಂದ ಮೇಲೆ ಸಿಳ್ಳೆ ಯಾರಿಗೆ ಬೇಕು?

ಸ್ಪೇನಿಗೆ ಸೇರಿದ ಲಾ ಗೊಮೇರಾ ದ್ವೀಪವೂ ಕಡಿದಾದ ಕಣಿವೆಗಳ ಜಾಗ. ಅಲ್ಲಿನ ಸಿಳ್ಳೆಭಾಷೆ ಎರಡು ಸ್ವರ, ನಾಲ್ಕು ವ್ಯಂಜನದಲ್ಲೇ ಸ್ಪ್ಯಾನಿಷ್ ಹೇಳಿ ಮುಗಿಸುತ್ತೆ. 1999ರಿಂದ ಶಾಲೆಯಲ್ಲಿ ಕಡ್ಡಾಯವಾಗಿ ಕಲಿಸುತ್ತಾರೆ. ಬಾಯೊಳಗೆ ಬೆರಳು ಮಡಚಿಟ್ಟು ಸಿಳ್ಳೆ ಹಾಕಿದರೆ ಬೇರೆ ಶಾಲೆಯಲ್ಲಿ ಹೊರಗೆ ನಿಲ್ಲಿಸುತ್ತಾರೆ, ಅಲ್ಲಿ ಮಾರ್ಕ್ಸ್ ಕೊಡುತ್ತಾರೆ.

ಆದರೆ ನನಗೆ ಎಲ್ಲಕ್ಕಿಂತ ಇಷ್ಟ ಮೇಘಾಲಯದ ಕೊಂಗ್‌ಥೊಂಗ್. ಖಾಸಿ ಬೆಟ್ಟದ ಹಳ್ಳಿ. ಮಗು ಹುಟ್ಟಿದಾಗ ತಾಯಿ ಅದಕ್ಕಾಗಿಯೇ ಒಂದು ರಾಗ ಕಟ್ಟುತ್ತಾಳೆ. ಅದರಲ್ಲಿ ಪದವಿಲ್ಲ. ಆ ರಾಗವೇ ಮಗುವಿನ ಹೆಸರು. ಮಾಮೂಲಿ ಹೆಸರೂ ಇರುತ್ತೆ, ಅದು ದಾಖಲೆಗೆ. ಮನೆಯೊಳಗೆ ಕರೆಯಲು ರಾಗದ ಚಿಕ್ಕ ತುಂಡು, ಕಾಡಿನಲ್ಲಿ ಕರೆಯಲು ಉದ್ದದ್ದು. ಕಾಡಿನಲ್ಲಿ ಹೆಸರು ಹಿಡಿದು ಕೂಗಿದರೆ ಕೆಟ್ಟ ಶಕ್ತಿಗಳು ಕೇಳಿಸಿಕೊಳ್ಳುತ್ತವೆ ಅಂತ ನಂಬಿಕೆ. ಆ ಮನುಷ್ಯ ಸತ್ತರೆ ರಾಗವೂ ಮುಗಿಯಿತು, ಇನ್ನೊಬ್ಬರಿಗೆ ಇಡುವುದಿಲ್ಲ.

ಕಾಡಿನಲ್ಲಿ ದೂರಕ್ಕೆ ಕೇಳಬೇಕು ಅನ್ನುವುದಷ್ಟೇ ಆಗಿದ್ದರೆ ಊರಿಗೆಲ್ಲ ಎರಡೋ ಮೂರೋ ಕೂಗು ಸಾಕಿತ್ತು. ಒಂದೊಂದು ಮಗುವಿಗೂ ಹೊಸ ರಾಗ ಕಟ್ಟುವ ದರ್ದು ಬೆಟ್ಟಕ್ಕಿಲ್ಲ. ಅದು ಅಮ್ಮಂದಿರ ಕೆಲಸ.

ಪ್ರಶ್ನಾರ್ಥಕ

ಇದಕ್ಕೆ ನನ್ನ ಹತ್ತಿರ ತಕ್ಷಣಕ್ಕೆ ಉತ್ತರ ಇಲ್ಲ. ಯೋಚನೆ ಮಾಡಿ ಬರ್ತೀನಿ.

ತಣ್ಣನೆಗಾಳಿ

ಎಷ್ಟು ಚಂದ! ಪ್ರಕೃತಿಯ ಮಡಿಲಲ್ಲಿ ಯಾವ ಒತ್ತಡವೂ ಇಲ್ಲದ ನೆಮ್ಮದಿಯ ಬದುಕು. ನಾವು ಕಳೆದುಕೊಂಡದ್ದು ಅವರ ಹತ್ತಿರ ಇದೆ.

ಉಣ್ಣೆಗೋಲಿ

ತಣ್ಣನೆಗಾಳಿ ಅವರೇ, ಬೇಜಾರು ಮಾಡ್ಕೋಬೇಡಿ. ನೇಪಾಳದ ಬೆಟ್ಟದ ಊರುಗಳಲ್ಲಿ ನಾಲ್ಕು ವರ್ಷ ಆರೋಗ್ಯದ ಕೆಲಸ ಮಾಡಿದವಳು ನಾನು. ಒತ್ತಡ ಇಲ್ಲ ಅನ್ನುವ ಮಾತು ಓದಿ ನನ್ನ ಕುತ್ತಿಗೆ ನೋಯಲು ಶುರುವಾಯಿತು. ಯಾಕೆ ಅಂತ ಹೇಳ್ತೀನಿ.

ಅಲ್ಲಿ ಹೊರೆ ಹೊರುವುದು ಹೆಗಲ ಮೇಲಲ್ಲ, ಹಣೆಯ ಮೇಲೆ. ಡೋಕೊ ಅನ್ನುವ ಬಿದಿರಿನ ಬುಟ್ಟಿ ಬೆನ್ನಿಗೆ, ಅದರ ತಳ ಬಳಸಿ ಬಂದ ನಾಮ್ಲೊ ಅನ್ನುವ ಪಟ್ಟಿ ಹಣೆಗೆ. ಭಾರವೆಲ್ಲ ತಲೆಯಿಂದ ಬೆನ್ನುಮೂಳೆಗೆ ಇಳಿಯುತ್ತೆ. ಕೈಯಲ್ಲಿ ಟಿ ಆಕಾರದ ಗಿಡ್ಡ ಕೋಲು, ತೊಕ್ಮಾ. ಸುಸ್ತಾದಾಗ ಕೂರುವ ಹಾಗಿಲ್ಲ, ಕೂತರೆ ಏಳಲು ಇನ್ನೊಬ್ಬರು ಬೇಕು. ಅದಕ್ಕೆ ನಿಂತಲ್ಲೇ ಕೋಲನ್ನು ಬುಟ್ಟಿಯ ಅಡಿಗೆ ಊರಿ, ಭಾರ ಅದಕ್ಕೆ ಬಿಟ್ಟು, ಬಾಯಿಂದ ಸಣ್ಣ ಸಿಳ್ಳೆಯಂತೆ ಉಸಿರು ಬಿಡುತ್ತಾರೆ. ಹತ್ತು ಉಸಿರು, ಮತ್ತೆ ನಡಿಗೆ. ನಾನು ಒಂದು ಸಲ ಹದಿನೈದು ಕೇಜಿ ಹೊತ್ತು ಅರ್ಧ ಗಂಟೆ ನಡೆದೆ. ಮೂರು ದಿನ ತಲೆ ತಿರುಗಿಸಲು ಆಗಲಿಲ್ಲ. ನನ್ನ ಜೊತೆಗಿದ್ದ ಹೆಂಗಸು ನನ್ನ ಎರಡರಷ್ಟು ಹೊತ್ತು, ದಾರಿಯುದ್ದಕ್ಕೂ ಯಾರದೋ ಮದುವೆ ಮುರಿದ ಕಥೆ ಹೇಳುತ್ತಾ ಹತ್ತಿದಳು.

ಒಲೆಯ ಹೊಗೆಗೆ ಕಣ್ಣು ಕೆಂಪಾದ ಅಜ್ಜಿಯರು, ಹೆರಿಗೆಗೆ ಅಂತ ಸ್ಟ್ರೆಚರಿನಲ್ಲಿ ಕೆಳಗೆ ಹೊತ್ತು ತಂದ ಹುಡುಗಿಯರು, ಗಂಡಸರೆಲ್ಲ ದುಡಿಯಲು ಹೊರದೇಶಕ್ಕೆ ಹೋಗಿ ಬರೀ ಮುದುಕರು ಮಕ್ಕಳು ಉಳಿದ ಊರುಗಳು. ಅಲ್ಲೂ ಜನ ನಗುತ್ತಾರೆ, ಹಾಡುತ್ತಾರೆ. ನೆಮ್ಮದಿಗೆ ಅಂತ ಹಾಡುತ್ತಾರೆ ಅಂದುಕೊಳ್ಳಬೇಡಿ.

ಬಟ್ಟೆಯ ವಿಷಯ ಯಾರೂ ಎತ್ತಿಲ್ಲವಲ್ಲ, ನನ್ನ ಹೆಸರಿಗೆ ತಕ್ಕಂತೆ ನಾನೇ ಎತ್ತುತ್ತೇನೆ. ಹಿಮಾಚಲದ ಗದ್ದಿ ಕುರುಬರು ಉಣ್ಣೆಯ ಚೋಲಾ ತೊಡುತ್ತಾರೆ, ಸೊಂಟಕ್ಕೆ ಡೋರಾ ಅನ್ನುವ ಕಪ್ಪು ಉಣ್ಣೆಯ ಹಗ್ಗ, ಸುತ್ತಿ ಸುತ್ತಿ ಸುತ್ತಿ. ಅದನ್ನು ಬಿಗಿದರೆ ಎದೆಯ ಹತ್ತಿರ ದೊಡ್ಡ ಚೀಲದಂತೆ ಜಾಗವಾಗುತ್ತೆ. ಧೌಲಾಧಾರ್ ಕಣಿವೆದಾರಿ ದಾಟುವಾಗ ಆಗತಾನೆ ಹುಟ್ಟಿದ ಕುರಿಮರಿ ಅದರೊಳಗೆ. ಹೊರಗೆ ಮೂತಿ ಮಾತ್ರ. ಭೂತಾನಿನ ಬ್ರೋಕ್ಪಾ ಜನರ ಟೋಪಿ ಯಾಕ್ ಕೂದಲಿನದು, ಸುತ್ತ ಐದು ಜುಟ್ಟು ಇಳಿಬಿದ್ದಿರುತ್ತೆ. ಮಳೆನೀರು ಜುಟ್ಟಿನ ತುದಿಯಿಂದ ಹೊರಗೆ ತೊಟ್ಟಿಕ್ಕುತ್ತೆ, ಮುಖಕ್ಕೆ ಬರುವುದಿಲ್ಲ.

ಟಿಟಿಕಾಕಾ ಸರೋವರದ ತಾಕಿಲೆ ದ್ವೀಪದಲ್ಲಿ ಟೋಪಿ ಹೆಣೆಯುವುದು ಗಂಡಸರ ಕೆಲಸ. ಹುಡುಗರು ಚಿಕ್ಕಂದಿನಲ್ಲೇ ಕಲಿಯುತ್ತಾರೆ. ಮದುವೆಯಾದವನ ಟೋಪಿ ಪೂರ್ತಿ ಕೆಂಪು, ಆಗದವನದ್ದು ಮೇಲ್ಭಾಗ ಬಿಳಿ. ನಡೆದಾಡುವಾಗಲೂ ಕೈಯಲ್ಲಿ ಸೂಜಿ ಆಡುತ್ತಿರುತ್ತೆ. ಇಲ್ಲಿ ಗಂಡಸರಿಗೆ ಒಂದು ಗುಂಡಿ ಹೊಲಿಯಲು ಹೇಳಿ ನೋಡಿ.

ತಣ್ಣನೆಗಾಳಿ

ಬೇಜಾರಿಲ್ಲ ಮೇಡಂ. ಬರೆಯುವ ಮುಂಚೆ ಯೋಚಿಸಬೇಕಿತ್ತು. ಗುಂಡಿ ಹೊಲಿಯಲು ಬರುತ್ತೆ ನನಗೆ, ಅಷ್ಟು ಹೇಳಬಲ್ಲೆ.

ಹಳೇಪುಟ

ಜಗಳದ ಇನ್ನೊಂದು ಮುಖ ಬಿಟ್ಟುಹೋಯಿತು. ಜಾರ್ಜಿಯಾದ ಸ್ವಾನೇತಿಯಲ್ಲಿ ಮನೆಗೊಂದು ಕಲ್ಲಿನ ಗೋಪುರ. ಮೂರರಿಂದ ಐದು ಅಂತಸ್ತು, ಮೇಲಕ್ಕೆ ಹೋಗಲು ಏಣಿ. ಶತ್ರು ಬಂದಾಗ ಹತ್ತಿ ಕೂರುವುದಕ್ಕೆ ಕಟ್ಟಿದ್ದು. ಆದರೆ ಶತ್ರು ಹೊರಗಿನವನೇ ಆಗಬೇಕಿರಲಿಲ್ಲ. ರಕ್ತದ ಸೇಡು ತಲೆಮಾರುಗಟ್ಟಲೆ ನಡೆಯುತ್ತಿತ್ತು, ಪಕ್ಕದ ಮನೆಯವರಿಗೆ ಹೆದರಿಯೂ ಜನ ಗೋಪುರ ಸೇರುತ್ತಿದ್ದರು. ರಾಜಿ ಮಾಡಿಸಲು ಹಿರಿಯರು ಕೂರುತ್ತಿದ್ದರು, ಇಗರ್ಜಿಯ ದೇವರ ಪಟದ ಮುಂದೆ ಆಣೆ ಇಡಬೇಕಿತ್ತು. ಹೀಗಾಗಿ ಬೆಟ್ಟದವರು ಅಂದರೆ ಒಗ್ಗಟ್ಟು ಅಂತ ಏನಿಲ್ಲ.

ಅದೇ ಕಾಕಸಸ್ಸಿನ ದಾಗೆಸ್ತಾನದಲ್ಲಿ ಸುಮಾರು ಸಾವಿರ ಜನ ಮಾತ್ರ ಆಡುವ ಆರ್ಚಿ ಅನ್ನುವ ಭಾಷೆ ಇದೆ. ಕಣಿವೆ ದಾಟಿದರೆ ಬೇರೆ ಭಾಷೆ. ಅರಬ್ ಬರಹಗಾರರು ಆ ಪರ್ವತವನ್ನು ನಾಲಗೆಗಳ ಬೆಟ್ಟ ಅಂತ ಕರೆದರು.

ಸಂಜೆಯ ಒಂದು ಚಿತ್ರ ಕೊಟ್ಟು ಮುಗಿಸುತ್ತೇನೆ. ಸ್ವಿಸ್ ಆಲ್ಪ್ಸಿನ ಕ್ಯಾಥೊಲಿಕ್ ಭಾಗಗಳಲ್ಲಿ ದನಗಾಹಿ ಕತ್ತಲಾಗುವ ಹೊತ್ತಿಗೆ ದಿಣ್ಣೆಯ ಮೇಲೆ ನಿಂತು ಪ್ರಾರ್ಥನೆ ಕೂಗುತ್ತಾನೆ. ಕೈಯಲ್ಲಿ ಹಾಲು ಸೋಸುವ ಮರದ ಆಲಿಕೆ, ಅದೇ ಅವನ ಮೈಕು. ನಾಲ್ಕೂ ದಿಕ್ಕಿಗೆ ಕೂಗುತ್ತಾನೆ. ಆ ದನಿ ಎಲ್ಲಿಯವರೆಗೆ ಕೇಳುತ್ತೋ ಅಲ್ಲಿಯವರೆಗೆ ಆ ರಾತ್ರಿ ದನಕ್ಕೂ ಜನಕ್ಕೂ ಕಾವಲು ಅಂತ ನಂಬಿಕೆ.

ಪ್ರಶ್ನಾರ್ಥಕ

ಯೋಚನೆ ಮಾಡಿ ಬಂದೆ. ನನ್ನ ವಾದ ಸ್ವಲ್ಪ ತಿದ್ದುತ್ತೇನೆ. ಅಗತ್ಯ ಇರುವವರೆಗೆ ಪದ್ಧತಿ ಇರುತ್ತೆ, ಅಗತ್ಯ ಹೋದರೆ ಪದ್ಧತಿಯೂ ಹೋಗುತ್ತೆ. ಮೊಬೈಲ್ ಬಂತು, ಸಿಳ್ಳೆ ಹೋಯಿತು. ಸಂತೆ ಬಂತು, ನೀಲಗಿರಿಯ ಕೊಡುಕೊಳ್ಳುವಿಕೆ ಹೋಯಿತು. ನೀವೇ ಕೊಟ್ಟ ಉದಾಹರಣೆಗಳು.

ಸುಕ್ಕುಗಡ್ಡೆ

ಹಾಗಾದರೆ ಕೆಸ್ವಚಾಕಾ ಸೇತುವೆಗೆ ಏನು ಹೇಳ್ತೀರಿ?

ಪೆರುವಿನಲ್ಲಿ ಅಪುರಿಮಾಕ್ ನದಿಯ ಮೇಲೆ ಹುಲ್ಲಿನ ತೂಗುಸೇತುವೆ. ಉದ್ದ 30 ಮೀಟರಿನ ಆಸುಪಾಸು. ಇಂಕಾಗಳ ಕಾಲದ ತಂತ್ರ. ಪ್ರತಿ ವರ್ಷ ಜೂನಿನಲ್ಲಿ ನಾಲ್ಕು ಊರಿನ ಕೆಚುವಾ ಜನ ಸೇರಿ ಹಳೆಯದನ್ನು ಕತ್ತರಿಸಿ ನದಿಗೆ ಬಿಡುತ್ತಾರೆ, ಹೊಸದನ್ನು ಕಟ್ಟುತ್ತಾರೆ. ಮೂರು ದಿನದ ಕೆಲಸ. ಮನೆಮನೆಯಿಂದ ಹುಲ್ಲಿನ ಸಣ್ಣ ಹುರಿ ಬರಬೇಕು. ಹುಲ್ಲನ್ನು ಜಜ್ಜಿ, ನೀರಲ್ಲಿ ನೆನೆಸಿ, ಅಂಗೈಗಳ ನಡುವೆ ಹೊಸೆದ ಹುರಿ. ಸಣ್ಣ ಹುರಿಗಳನ್ನು ಸೇರಿಸಿ ದಪ್ಪ ಹುರಿ, ದಪ್ಪ ಹುರಿಗಳನ್ನು ಹೆಣೆದು ತೊಡೆಯ ಗಾತ್ರದ ಹಗ್ಗ. ಅದನ್ನು ಆ ಕಡೆ ಈ ಕಡೆ ನಿಂತು ಊರೇ ಎಳೆಯುತ್ತೆ. ಎರಡೂ ದಡದಿಂದ ನೇಯುತ್ತಾ ಬಂದವರು ನದಿಯ ನಡುವೆ ಸೇರುತ್ತಾರೆ. ನಾಲ್ಕನೇ ದಿನ ಊಟ, ಹಾಡು, ಕುಣಿತ.

ಪಕ್ಕದಲ್ಲೇ ಹೊಸ ಕಾಲದ ಗಟ್ಟಿ ಸೇತುವೆ ಇದೆ. ನದಿ ದಾಟಲು ಹುಲ್ಲು ಯಾರಿಗೂ ಬೇಕಿಲ್ಲ. ಆದರೂ ಕಟ್ಟುತ್ತಾರೆ. 2013ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು.

ಪ್ರಶ್ನಾರ್ಥಕ

ಪ್ರವಾಸಿಗರಿಗೆ?

ಸುಕ್ಕುಗಡ್ಡೆ

ಈಗ ಪ್ರವಾಸಿಗರೂ ಬರುತ್ತಾರೆ, ಸುಳ್ಳು ಹೇಳುವುದಿಲ್ಲ. ಆದರೆ ಅದು ಶುರುವಾದದ್ದು ಅವರಿಗಾಗಿ ಅಲ್ಲ. ಆಂಡಿಸಿನಲ್ಲಿ ಆಯ್ನಿ ಅಂತ ಒಂದು ಮಾತಿದೆ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಸೇತುವೆಗೆ ಹುರಿ ತರದ ಮನೆಯವನು ಆಮೇಲೆ ಯಾವ ಮುಖ ಇಟ್ಟುಕೊಂಡು ಆಲೂಗಡ್ಡೆ ಕೀಳಲು ಆಳು ಕೇಳುತ್ತಾನೆ?

ಪ್ರಶ್ನಾರ್ಥಕ

ಹ್ಞೂಂ. ಅಂದರೆ ಅಗತ್ಯ ಇದೆ, ನದಿ ದಾಟುವುದು ಮಾತ್ರ ಅಲ್ಲ. ಅರ್ಧ ಅರ್ಧ ಹಂಚಿಕೊಳ್ಳೋಣವಾ?

ಸುಕ್ಕುಗಡ್ಡೆ

ಆಗಲಿ. ಗಂಟುಗಡ್ಡೆ ಕಳಿಸ್ತೀನಿ, ಸಿಪ್ಪೆ ತೆಗೆದು ವಾಪಸ್ ಕಳಿಸಿ.

ಎಮ್ಮೆಗಂಟೆ

ಫಿಲಿಪ್ಪೀನ್ಸಿನ ಇಫುಗಾವೊ ಜನರ ಬಗ್ಗೆ ಎರಡು ಮಾತು ಸೇರಿಸಿಬಿಡ್ತೀನಿ, ಇಲ್ಲದಿದ್ದರೆ ನಿದ್ದೆ ಬರಲ್ಲ. ಕಡಿದಾದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಭತ್ತದ ಗದ್ದೆ, 1995ರಲ್ಲಿ ವಿಶ್ವ ಪರಂಪರೆ ಅಂತ ಘೋಷಿಸಿದ್ದು. ಫೋಟೊದಲ್ಲಿ ಎಲ್ಲರೂ ಗದ್ದೆ ನೋಡುತ್ತಾರೆ. ಗದ್ದೆಯ ಮೇಲ್ಗಡೆ ಕಾಡಿನ ತುಂಡು ಇರುತ್ತೆ, ಮುಯೋಂಗ್ ಅನ್ನುತ್ತಾರೆ. ಒಂದೊಂದು ಮನೆತನಕ್ಕೆ ಒಂದೊಂದು. ನೀರು ಹಿಡಿದಿಡುವುದು ಆ ಕಾಡು. ಮೇಲಿನ ಕಾಡು ಬೋಳಾದರೆ ಕೆಳಗಿನ ಗದ್ದೆ ಕುಸಿಯುತ್ತೆ.

ಕೊಯ್ಲಿನ ಹೊತ್ತಿಗೆ ಹೆಂಗಸರು ಹುಡ್‌ಹುಡ್ ಹಾಡುತ್ತಾರೆ. ಹಿರಿಯಳೊಬ್ಬಳು ಎಳೆ ಎತ್ತಿಕೊಡುತ್ತಾಳೆ, ಉಳಿದವರು ಸೇರಿಸುತ್ತಾರೆ. ಸಾವಿನ ಮನೆಯಲ್ಲಿ ರಾತ್ರಿ ಜಾಗರಣೆಗೂ ಅದೇ ಹಾಡು. 200ಕ್ಕೂ ಹೆಚ್ಚು ಹಾಡು ಇವೆ, ಪೂರ್ತಿ ಹಾಡಲು ದಿನಗಟ್ಟಲೆ ಬೇಕು. ಕಷ್ಟ ಏನೆಂದರೆ ಗದ್ದೆಯ ಕಲ್ಲುಗೋಡೆ ರಿಪೇರಿ ಮಾಡುವ ಹುಡುಗರು ಪಟ್ಟಣ ಸೇರಿದ್ದಾರೆ. ಗೋಡೆ ಬಿದ್ದರೆ ಕೊಯ್ಲಿಲ್ಲ, ಕೊಯ್ಲಿಲ್ಲದಿದ್ದರೆ ಹಾಡುವುದು ಎಲ್ಲಿ.

ಚಾರಣದಕಾಲು

ಮಾತು ಭಾರ ಆಯ್ತು. ಹಗುರ ಒಂದು: ಶೆರ್ಪಾಗಳಲ್ಲಿ ಮಗು ಹುಟ್ಟಿದ ವಾರವೇ ಎಷ್ಟೋ ಸಲ ಅದರ ಹೆಸರು. ಸೋಮವಾರ ದಾವಾ, ಮಂಗಳವಾರ ಮಿಂಗ್ಮಾ, ಬುಧವಾರ ಲ್ಹಾಕ್ಪಾ, ಗುರುವಾರ ಫುರ್ಬಾ, ಶುಕ್ರವಾರ ಪಾಸಾಂಗ್, ಶನಿವಾರ ಪೆಂಬಾ, ಭಾನುವಾರ ನಿಮಾ. ಹುಡುಗನಿಗೂ ಅದೇ, ಹುಡುಗಿಗೂ ಅದೇ. ಒಂದು ಚಹಾದಂಗಡಿಯಲ್ಲಿ ನಾನು "ಪಾಸಾಂಗ್" ಅಂತ ಕೂಗಿದೆ. ಮೂರು ಜನ ತಿರುಗಿದರು, ಒಬ್ಬರು ಅಜ್ಜಿ.

ಕಿಟಕಿಸೀಟು

ಎಲ್ಲರಿಗೂ ಥ್ಯಾಂಕ್ಸ್. ಸಂಜೆಯಿಂದ ಮೂರು ಸಲ ಓದಿದೆ. ಅಮ್ಮನಿಗೆ ಫೋನ್ ಮಾಡಿ ನಾನು ಹುಟ್ಟಿದ್ದು ಯಾವ ವಾರ ಅಂತ ಕೇಳಿದೆ. ಗುರುವಾರ. ಫುರ್ಬಾ ಆದೆ. ಯಾಕೆ ಕೇಳ್ತಿದ್ದೀಯ ಅಂದರು, ಕೊಂಗ್‌ಥೊಂಗ್ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನನ್ನು ಮಲಗಿಸುವಾಗ ಗುನುಗುತ್ತಿದ್ದ ಯಾವುದೋ ಎರಡು ಸಾಲು ಗುನುಗಿದರು. ಪದ ಮರೆತುಹೋಗಿದೆ ಅಂದರು.

ಕಿವಿಗೊಟ್ಟವಳು

ರೆಕಾರ್ಡ್ ಮಾಡಿಕೊಂಡ್ರಾ?

ಕಿಟಕಿಸೀಟು

ಇಲ್ಲ. ನಾಳೆ ಮತ್ತೆ ಫೋನ್ ಮಾಡ್ತೀನಿ.